ಅವ್ವನ ಹೊಲದ ಕಾಗದ

ಕಾಗದ ಪತ್ರವೆಂದರೆ ನಮ್ಮ ಮನೆಯಲ್ಲಿ ಗಂಡಸರ ಬಾಬತ್ತು. ಅಪ್ಪನ ಹಸಿರು ಬಣ್ಣದ ಟ್ರಂಕಿನಲ್ಲಿ ಅವು ಇರುತ್ತಿದ್ದವು. ಟ್ರಂಕಿನ ಬೀಗದ ಕೈ ಅಪ್ಪನ ಉಡಿದಾರದಲ್ಲಿರುತ್ತಿತ್ತು. ವರ್ಷಕ್ಕೊಮ್ಮೆ, ಮಳೆ ಹಿಂದೆ ಸರಿದ ಮೇಲೆ, ಅಪ್ಪ ಅವನ್ನೆಲ್ಲ ಅಂಗಳದ ಬಿಸಿಲಿಗೆ ಹರವಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಬೆಣಚುಕಲ್ಲು ಇಡುತ್ತಿದ್ದ. ಆ ದಿನ ನಾವು ಮಕ್ಕಳು ಅಂಗಳ ತುಳಿಯುವಂತಿರಲಿಲ್ಲ. ಅವ್ವ ಪಡಸಾಲೆಯ ಕಂಬಕ್ಕೊರಗಿ ಕೂತು, ಸಂಡಿಗೆ ಕಾಯುವವಳ ಹಾಗೆ, ಕೋಳಿಗಳನ್ನು ಹುಷ್ ಹುಷ್ ಎಂದು ಓಡಿಸುತ್ತಿದ್ದಳು. ಮುಂದೆ ಒಂದು ವರ್ಷ ಆ ಬಿಸಿಲಿಗೆ ಅವಳದೂ ಒಂದು ಕಾಗದ ಬಂದು ಸೇರಿತು. ತನ್ನದೂ ಒಂದು ಇದೆಯೆಂದು ಅವಳಿಗೆ ಗೊತ್ತಿತ್ತು, ಯಾವುದೆಂದು ಗೊತ್ತಿರಲಿಲ್ಲ. ಅವಳಿಗೆ ಓದು ಬಾರದು.

ನಮ್ಮೂರು ದೇವಸಮುದ್ರ, ಮೊಳಕಾಲ್ಮೂರು ತಾಲ್ಲೂಕು. ನಾನು ಮದುವೆಯಾಗಿ ಚಳ್ಳಕೆರೆಗೆ ಬಂದ ಹೊಸದರಲ್ಲಿ ನನ್ನ ನಾದಿನಿ, 'ಸಮುದ್ರದ ಕಡೆಯಿಂದ ಬಂದವಳು, ಎರಡು ಕೊಡ ನೀರಿಗೆ ಎಷ್ಟು ಲೆಕ್ಕ ಹಾಕ್ತಾಳೆ ನೋಡಿ' ಎಂದು ನಗುತ್ತಿದ್ದಳು. ಊರ ಹೆಸರಿನಲ್ಲಿ ಸಮುದ್ರವೆಂದರೆ ಕೆರೆ. ನಮ್ಮ ಕಡೆಯ ಮಳೆಗೆ ಕೆರೆ ತುಂಬುವುದೂ ಒಂದು ಹಬ್ಬವೇ. ಬಂಡೆಗುಡ್ಡಗಳು, ಶೇಂಗಾ ಹೊಲಗಳು, ಕುರಿಮಂದೆ, ಬೇಲಿಗೊಂದು ಹುಣಸೆಮರ. ರಾಯದುರ್ಗ ದೂರವಲ್ಲ, ಒಂದೇ ಓಣಿಯಲ್ಲಿ ಒಬ್ಬರು ಕನ್ನಡದಲ್ಲಿ ಬೈದರೆ ಇನ್ನೊಬ್ಬರು ತೆಲುಗಿನಲ್ಲಿ ಉತ್ತರ ಕೊಡುತ್ತಾರೆ, ಜಗಳಕ್ಕೆ ಅಡ್ಡಿಯಾಗುವುದಿಲ್ಲ.

ಅವ್ವನ ತವರೂ ಅದೇ ಊರು, ಕೆಳಗಿನ ಓಣಿ. 1988ರಲ್ಲಿ, ತಾತ ತಾನು ಕಣ್ಣು ಮುಚ್ಚುವುದಕ್ಕೆ ಮುಂಚೆ, ಇದ್ದೊಬ್ಬ ಮಗಳಿಗೆ ಎರಡು ಎಕರೆ ಹತ್ತು ಗುಂಟೆ ಹೊಲವನ್ನು ಅರಿಶಿನ ಕುಂಕುಮಕ್ಕೆಂದು ದಾನಪತ್ರ ಬರೆದುಕೊಟ್ಟ. ರಿಜಿಸ್ಟರ್ ಮಾಡಿಸಿದ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದ ದಿನ ಅವ್ವ ಉಟ್ಟಿದ್ದ ಮೊಳಕಾಲ್ಮೂರು ರೇಷ್ಮೆ ಸೀರೆಯನ್ನು ಆಮೇಲೆ ಅವಳು ನನ್ನ ಮಗಳ ನಾಮಕರಣಕ್ಕೆ ಉಟ್ಟಳು. ಮೂರನೆಯ ಸಲ ಉಟ್ಟದ್ದು ನನಗೆ ನೆನಪಿಲ್ಲ. ಹೆಬ್ಬೆಟ್ಟಿನ ಮಸಿಯನ್ನು ಕಚೇರಿಯ ಗೋಡೆಗೆ ಒರೆಸಿ ಬಂದೆನೆಂದು ಈಗಲೂ ಹೇಳಿ ನಗುತ್ತಾಳೆ. ಅದೇ ವರ್ಷ ಚಳಿಗಾಲದಲ್ಲಿ, ಆ ಹೊಲಕ್ಕೆ ಅಂಟಿಕೊಂಡೇ ಇದ್ದ ಒಂದು ಎಕರೆ ಮೂವತ್ತು ಗುಂಟೆಯನ್ನು ಅಣ್ಣ ತಾತನ ದಾಯಾದಿಯೊಬ್ಬರಿಂದ ಕ್ರಯಕ್ಕೆ ಕೊಂಡ. ನಡುವಿನ ಬದುವನ್ನು ಉತ್ತು ಎರಡನ್ನೂ ಒಂದು ಮಾಡಿ ಅಣ್ಣನೇ ಸಾಗುವಳಿ ಮಾಡುತ್ತ ಬಂದ. ಯಾರೂ ಏನೂ ಕೇಳಲಿಲ್ಲ. ಅಪ್ಪ 2009ರಲ್ಲಿ ತೀರಿಕೊಂಡ. ಟ್ರಂಕು ಅಣ್ಣನ ಕೋಣೆಗೆ ಹೋಯಿತು.

ಈಗ ಕಥೆಯ ಕಹಿಯಾದ ಭಾಗಕ್ಕೆ ಬರುತ್ತೇನೆ. 2019ರಲ್ಲಿ ಅವ್ವ, 'ನನ್ನ ಹೊಲ ಇಬ್ಬರಿಗೂ ಸಮ ಮಾಡಿ ಬರೆದಿಡ್ತೀನಿ, ಕಾಗದ ಎತ್ತಿಸು' ಎಂದಳು. ಟ್ರಂಕಿನಲ್ಲಿದ್ದ ದಾನಪತ್ರವನ್ನು ಗೆದ್ದಲು ತಿಂದು ಮೊದಲ ಹಾಳೆಯ ಅರ್ಧವನ್ನಷ್ಟೇ ಉಳಿಸಿತ್ತು. ಇರಲಿ, ಈಗೆಲ್ಲ ಕಂಪ್ಯೂಟರಿನಲ್ಲಿ ಸಿಗುತ್ತದಲ್ಲ ಎಂದು ಚಳ್ಳಕೆರೆಯಲ್ಲಿ ನಮ್ಮ ಬೀದಿಯ ಕಂಪ್ಯೂಟರ್ ಅಂಗಡಿಯಲ್ಲಿ ಪಹಣಿ ತೆಗೆಸಿದೆ. ಒಂಬತ್ತನೆಯ ಕಾಲಂ, ಅಂದರೆ ಕಬ್ಜೆದಾರರ ಹೆಸರು ಇರುವ ಜಾಗ, ಅಲ್ಲಿ ಅವ್ವನ ಹೆಸರಿರಲಿಲ್ಲ. ಅಣ್ಣನ ಹೆಸರಿತ್ತು.

ಎಣ್ಣೆ ಮಿಲ್ಲುಗಳ ವಾಸನೆ ತುಂಬಿದ ಆ ಬೀದಿಯಲ್ಲಿ ನಾನು ಮನೆಗೆ ಹೇಗೆ ನಡೆದು ಬಂದೆನೋ ತಿಳಿಯದು. ಮನಸ್ಸು ಒಂದೇ ಮಾತು ಹೇಳುತ್ತಿತ್ತು: ಓದು ಬಾರದ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾನೆ. ಆ ದೀಪಾವಳಿಗೆ ಊರಿಗೆ ಹೋಗಿ, ಊಟದ ತಟ್ಟೆ ಮುಂದಿರುವಾಗಲೇ ಪಹಣಿಯನ್ನು ಅಣ್ಣನ ಮುಂದೆ ಹಾಕಿದೆ. ಅವನು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, 'ನನಗೇನೂ ಗೊತ್ತಿಲ್ಲ ಕಣವ್ವ' ಎಂದ. ಆ ಮಾತು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ನನಗೆ ಅಷ್ಟೇ ಸಾಕಾಯಿತು. ಅತ್ತಿಗೆ ಒಳಗಿಂದ ಹೋಳಿಗೆ ತಂದವಳು ಬಾಗಿಲಲ್ಲೇ ನಿಂತಳು. ನಾನು ಕೈ ತೊಳೆದು ಬಸ್ಸು ಹತ್ತಿದೆ. ಅದಾದ ಮೇಲೆ ಒಂದು ವರ್ಷಕ್ಕೂ ಮೇಲೆ ನಾವಿಬ್ಬರೂ ಮಾತಾಡಲಿಲ್ಲ. ಅವ್ವ ಪಕ್ಕದ ಮನೆಯವರ ಫೋನಿನಿಂದ ಮಾತಾಡುತ್ತಿದ್ದಳು, ಮಗನ ಎದುರಿಗೆ ಮಗಳ ಜೊತೆ ಮಾತಾಡಲು ಹೆದರಿ.

ಮರುವರ್ಷ ಲಾಕ್‌ಡೌನ್ ಬಂತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಮಗಳು ಲ್ಯಾಪ್‌ಟಾಪ್ ಹೊತ್ತು ಮನೆಗೆ ಬಂದಳು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ತೀರ್ಪೊಂದು ಬಂದದ್ದು ನಿಮಗೆ ನೆನಪಿರಬಹುದು: 2005ರ ತಿದ್ದುಪಡಿಯ ವೇಳೆಗೆ ತಂದೆ ಬದುಕಿರಲಿ ಇಲ್ಲದಿರಲಿ, ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು. ಆ ಸುದ್ದಿಯನ್ನು ಕತ್ತರಿಸಿ ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಕೆಳಗೆ ಇಟ್ಟೆ. ನನ್ನ ಆವೇಶಕ್ಕೂ ಕಾರಣವಿತ್ತು. ಕರ್ನಾಟಕದಲ್ಲಿ 1994ರ ಜುಲೈ 30ರಂದೇ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಜಾರಿಗೆ ಬಂದಿತ್ತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತ್ತು. ನನ್ನ ಮದುವೆ 1986ರಲ್ಲಿ. ಎಂಟು ವರ್ಷ ಮುಂಚೆ ಅಕ್ಕಿಕಾಳು ಬಿದ್ದದ್ದಕ್ಕೆ ನಾನು ಮಗಳಲ್ಲವೆಂದಾಗಿತ್ತು. ಈಗ ತೀರ್ಪು ಬಂದಿದೆ, ಅಣ್ಣನನ್ನು ಕೋರ್ಟಿಗೆ ಎಳೆಯುತ್ತೇನೆ ಎಂದೆ.

ನಮ್ಮವರು ಪತ್ರಿಕೆಯಿಂದ ಮುಖ ಎತ್ತದೆ, 'ಅದು ಅಪ್ಪನ ಕಡೆಯ ಆಸ್ತಿಗೆ. ಇದು ನಿಮ್ಮವ್ವನಿಗೆ ದಾನವಾಗಿ ಬಂದದ್ದು, ಅವರ ಸ್ವಂತದ್ದು, 1956ರ ಕಾಯ್ದೆಯಿಂದಲೇ. ನೀನು ಹಿಡಿದಿರೋ ಕತ್ತಿ ಈ ಒರೆಗೆ ಸೇರಲ್ಲ' ಎಂದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಪಾಠ ಹೇಳಿಸಿಕೊಳ್ಳುವುದು ಕಷ್ಟ. ಕತ್ತರಿಸಿದ ಸುದ್ದಿ ಮಾತ್ರ ಅಲ್ಲೇ ಇತ್ತು, ಈಗಲೂ ಇದೆ.

ಆ ದಿನಗಳಲ್ಲಿ ಮಗಳು ನಡುಮನೆಯ ಮಂಚದ ಮೇಲೆ ಕೂತು ರಾತ್ರಿಯವರೆಗೂ ಕೆಲಸ ಮಾಡುತ್ತಿದ್ದಳು. ಒಂದು ಸಂಜೆ ಶೇಂಗಾ ಹುರಿದು ಕೊಟ್ಟೆ. ಅವಳು ಮುಟ್ಟಲೇ ಇಲ್ಲ. ಏನಾಯಿತೆಂದರೆ, 'ಅಮ್ಮ, ಎರಡು ದಾಖಲೆ ಒಂದನ್ನೊಂದು ಹುಡುಕಿಕೊಳ್ತಾ ಇಲ್ಲ. ಬೆಳಿಗ್ಗೆಯಿಂದ ನೋಡ್ತಿದೀನಿ' ಎಂದಳು. ಡೇಟಾಬೇಸ್ ಅಂದರೆ ಏನೆಂದು ನಾನು ಕೇಳಿದ್ದು ಆವತ್ತು. ಅವಳು ಅಡುಗೆಮನೆಗೇ ಕರೆದುಕೊಂಡು ಹೋದಳು.

'ಈಗ ಈ ಡಬ್ಬಿ ಮೇಲೆ ತೊಗರಿಬೇಳೆ ಅಂತ ಬರ್ದಿದೀಯ. ಬೇಳೆ ಇದರಲ್ಲೇ ಐತೆ. ಅದು ಒಂದು ರೀತಿ. ಇನ್ನೊಂದು ರೀತಿ ಏನಪ್ಪ ಅಂದ್ರೆ, ಡಬ್ಬಿ ಒಳಗೆ ಬೇಳೆ ಇಲ್ಲ, ಒಂದು ಚೀಟಿ ಐತೆ: ಅಟ್ಟದ ಮೇಲೆ ಒಂಬತ್ತನೇ ಚೀಲ ನೋಡು ಅಂತ. ನಮ್ಮ ಕೆಲಸದಲ್ಲಿ ಬಹಳಷ್ಟು ಚೀಟಿಗಳೇ. ಗಿರಾಕಿಯ ಹೆಸರು ವಿಳಾಸ ಒಂದು ಕಡೆ ಇರುತ್ತೆ, ಅವನು ಕೊಂಡ ಸಾಮಾನಿನ ದಾಖಲೆ ಇನ್ನೊಂದು ಕಡೆ. ಈ ದಾಖಲೆ ಒಳಗೆ ಅವನ ನಂಬರ್ ಮಾತ್ರ ಇರುತ್ತೆ. ಆ ನಂಬರ್ ಹಿಡ್ಕೊಂಡು ಹೋಗಿ ಹೆಸರು ತರಬೇಕು.'

ಯಾಕೆ ಹಾಗೆ, ಎಲ್ಲ ಕಡೆಯೂ ಹೆಸರನ್ನೇ ಬರೆದಿಟ್ಟರಾಗದೆ ಎಂದೆ. 'ಬರೀಬಹುದು. ಅವನು ಮನೆ ಬದಲಾಯಿಸಿದ ಅಂತಿಟ್ಕೋ. ನೂರು ಕಡೆ ತಿದ್ದಬೇಕು, ತೊಂಬತ್ತೆಂಟು ಕಡೆ ತಿದ್ದಿರ್ತೀವಿ, ಎರಡು ಮರ್ತಿರ್ತೀವಿ. ಚೀಟಿಯಾದ್ರೆ ಒಂದೇ ಕಡೆ ತಿದ್ದಿದ್ರೆ ಆಯ್ತು. ಆದ್ರೆ ಚೀಟಿನೇ ತಪ್ಪಾದ್ರೆ ಮನೆಗೆ ಮನೆನೇ ಕಾಣೆ.' ಅವಳ ಅಂದಿನ ತೊಂದರೆ ರಾತ್ರಿ ಹನ್ನೊಂದಕ್ಕೆ ಬಗೆಹರಿಯಿತು. ಒಂದು ಕಡೆ ನಂಬರನ್ನು ಅಂಕಿಯಾಗಿ ಬರೆದಿಟ್ಟಿದ್ದರಂತೆ, ಇನ್ನೊಂದು ಕಡೆ ಅದೇ ನಂಬರನ್ನು ಅಕ್ಷರದ ಸಾಲಾಗಿ. ನೋಡುವ ಕಣ್ಣಿಗೆ ಎರಡೂ ಒಂದೇ; ಕಂಪ್ಯೂಟರಿಗೆ ಬೇರೆ ಬೇರೆ. 'ಕಣ್ಣಿಗೆ ಒಂದೇ ಥರ ಕಾಣೋದೇ ಅಪಾಯ' ಎಂದು ತಣ್ಣಗಾದ ಶೇಂಗಾ ತಿಂದಳು.

ಮರುದಿನ ಅವಳೇ ನನ್ನ ಪಹಣಿ ತೋರಿಸು ಎಂದಳು. ಮಾಮನ ಮೇಲೆ ಅವಳಿಗೆ ಅಕ್ಕರೆ. ಅಮ್ಮ ಸುಮ್ಮನೆ ಕೋಪ ಮಾಡಿಕೊಂಡಿದ್ದಾಳೆ ಎಂಬ ಗುಮಾನಿಯೂ ಇತ್ತು.

ಪಹಣಿಯನ್ನು ನಾವು ಹೆಂಗಸರು ಬ್ಯಾಂಕಿಗೆ ಕೊಡುವ ಕಾಗದವೆಂದಷ್ಟೇ ತಿಳಿದಿರುತ್ತೇವೆ. ಅದನ್ನು ಒಮ್ಮೆ ಓದಬೇಕು. ತಲೆಯ ಮೇಲೆ ಸರ್ವೆ ನಂಬರು, ಅದರ ಪಕ್ಕ ಒಂದು ನಕ್ಷತ್ರದ ಗುರುತು, ಆಮೇಲೆ ಹಿಸ್ಸಾ ನಂಬರು. ಆ ನಕ್ಷತ್ರ ಸುಮ್ಮನೆ ಅಲಂಕಾರವೆಂದು ನಾನು ತಿಳಿದಿದ್ದೆ. ಹುಡುಕುವಾಗ ಅದನ್ನು ಸರಿಯಾಗಿ ಆರಿಸದಿದ್ದರೆ ಇರುವ ಹೊಲವೂ ಇಲ್ಲವೆನ್ನುತ್ತದೆ. ಒಂಬತ್ತನೆಯ ಕಾಲಂನಲ್ಲಿ ಕಬ್ಜೆದಾರರ ಹೆಸರು. ಹತ್ತನೆಯದರಲ್ಲಿ ಆ ಹಕ್ಕು ಹೇಗೆ ಬಂತೆಂಬುದು. ಅಲ್ಲಿ ಸಾಮಾನ್ಯವಾಗಿ ಎಂ.ಆರ್. ಎಂದು ಬರೆದು ಒಂದು ನಂಬರು, ಒಂದು ವರ್ಷ. ಎಂ.ಆರ್. ಅಂದರೆ ಮ್ಯುಟೇಷನ್ ರಿಜಿಸ್ಟರ್, ಹಕ್ಕು ಬದಲಾವಣೆಯ ವಹಿ. ಹನ್ನೊಂದರಲ್ಲಿ ಸಾಲ ಸೋಲ, ಹನ್ನೆರಡರಲ್ಲಿ ಸಾಗುವಳಿ, ಬೆಳೆ.

'ನೋಡಮ್ಮ, ಒಂಬತ್ತು ಬೇಳೆ, ಹತ್ತು ಚೀಟಿ' ಎಂದಳು ಮಗಳು. 'ಎರಡೂ ಒಂದೇ ಮಾತು ಹೇಳಬೇಕು.'

ನಮ್ಮ ಪಹಣಿಯ ಹತ್ತನೆಯ ಕಾಲಂನಲ್ಲಿ ಎಂ.ಆರ್. 29/1988-89 ಎಂದಿತ್ತು. ಅದು ಅವ್ವನಿಗೆ ದಾನ ಬಂದ ವರ್ಷವೇ. ನನ್ನ ತಲೆಗೆ ಹೊಳೆಯದ ಪ್ರಶ್ನೆ ಮಗಳಿಗೆ ಹೊಳೆಯಿತು. ಮಾಮ ಮೋಸ ಮಾಡಿ ಈಚೆಗೆ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದರೆ ಎಂ.ಆರ್. ನಂಬರೂ ಈಚಿನದೇ ಇರಬೇಕಲ್ಲ? ಹೆಸರು ಹೊಸದು, ಚೀಟಿ ಹಳೆಯದು, ಇದು ಹೇಗೆ?

ಅವಳು ವರ್ಷ ವರ್ಷದ ಪಹಣಿ ತೆಗೆಸಿ ನೆಲದ ಮೇಲೆ ಸಾಲಾಗಿ ಹಾಸಿದಳು. ಅಪ್ಪ ಬಿಸಿಲಿಗೆ ಹರವಿದ ಹಾಗೆ. ನಾನು ಫ್ಯಾನು ಆರಿಸಿದೆ. 2001-02ರದರಲ್ಲಿ ಹೆಸರು ಅವ್ವನದೇ ಇತ್ತು, ಹತ್ತನೆಯ ಕಾಲಂನಲ್ಲಿ ಎಂ.ಆರ್. 29. ಮೂರು ವರ್ಷ ಕಳೆದ ಮೇಲಿನದರಲ್ಲಿ ಚೀಟಿ ಅದೇ, ಹೆಸರು ಮಾತ್ರ ಅಣ್ಣನದಾಗಿತ್ತು.

ಇಲ್ಲಿ ಸ್ವಲ್ಪ ಹಿಂದಿನ ಸಂಗತಿ ಹೇಳಬೇಕು. ಪಹಣಿಗಳೆಲ್ಲ ಮೊದಲು ಕೈಬರಹದವು, ಶಾನುಭೋಗರ ಕಾಲದಲ್ಲಿ ಶಾನುಭೋಗರ ಬಳಿ, ಆಮೇಲೆ ಗ್ರಾಮಲೆಕ್ಕಿಗರ ಬಳಿ. ಅವರು ಊರಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಲ್ಲಿ ರಾಜ್ಯದ 177 ತಾಲ್ಲೂಕುಗಳ, ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರು. ಆಮೇಲೆ ಕೈಬರಹದ ಪಹಣಿ ನಡೆಯದಾಯಿತು. 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಅಚ್ಚಾದ ಪಹಣಿ ಪಡೆಯುವುದಾಯಿತು. ಇದರಿಂದ ಎಷ್ಟು ಜನರ ಕಾಲು ಸವೆಯುವುದು ತಪ್ಪಿತು, ಎಷ್ಟು ಜನರ ಕೈ ಬೆಚ್ಚಗೆ ಮಾಡುವುದು ತಪ್ಪಿತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡು ಕೋಟಿ ಹಾಳೆಗಳನ್ನು ಯಾರೋ ಕೂತು ಓದಿ, ಬೆರಳಿನಿಂದ ಒತ್ತಿದ್ದಾರೆ. ಓದಿದವರು ನಮ್ಮ ನಿಮ್ಮ ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರು. ನಿದ್ದೆ, ಹಸಿವು, ಮಂದ ಬೆಳಕು ಎಲ್ಲ ಇದ್ದವರು.

ಎಂ.ಆರ್. 29ರ ನಕಲಿಗೆ ಅರ್ಜಿ ಹಾಕಿದೆವು. ಬಂದದ್ದನ್ನು ನೋಡಿದರೆ ಅದು ಅಣ್ಣನ ಕ್ರಯದ್ದು! ಒಂದು ಎಕರೆ ಮೂವತ್ತು ಗುಂಟೆ, ಅದೇ ಸರ್ವೆ ನಂಬರು, ಪಕ್ಕದ ಹಿಸ್ಸಾ. ಅವ್ವನ ಹೊಲದ ಚೀಟಿ ಅಣ್ಣನ ಹೊಲದ ಮನೆಗೆ ದಾರಿ ತೋರಿಸುತ್ತಿತ್ತು. ಯಾರೋ ಪರಿಶೀಲನೆಗೆ ಕೂತವರು ಚೀಟಿ ಹಿಡಿದು ಅಲ್ಲಿಗೆ ಹೋಗಿದ್ದಾರೆ, ಅಲ್ಲಿ ಅಣ್ಣನ ಹೆಸರು ಕಂಡಿದೆ, ಓಹೋ ಒಂಬತ್ತನೆಯ ಕಾಲಂ ತಪ್ಪಿದೆ ಎಂದು 'ಸರಿ' ಮಾಡಿದ್ದಾರೆ. ನಂಬಬೇಕಾದ್ದು ಹೆಸರನ್ನು; ಅವರು ನಂಬಿದ್ದು ಚೀಟಿಯನ್ನು.

'ಚೀಟಿ ಇಲ್ಲದ ಕಡೆಗೆ ತೋರಿಸಿದ್ರೆ ಚೆನ್ನಾಗಿತ್ತು. ಸಿಗಲಿಲ್ಲ ಅಂತ ಕಂಪ್ಯೂಟರು ಕೂಗಿಕೊಳ್ಳುತ್ತೆ, ನಾವು ಎದ್ದು ನೋಡ್ತೀವಿ. ಇರೋ ಮನೆಗೇ ತೋರಿಸಿದಾಗ, ಅದು ಬೇರೆಯವರ ಮನೆಯಾದ್ರೂ, ಬಾಗಿಲು ತೆಗೀತದೆ ನೋಡು, ಆಗ ಯಾರಿಗೂ ಗೊತ್ತಾಗಲ್ಲ' ಎಂದಳು ಮಗಳು. ಅವಳು ಕೆಲಸದ ಮಾತು ಆಡುತ್ತಿದ್ದಳು. ನನಗೆ ಮಾತ್ರ ದೀಪಾವಳಿಯ ತಟ್ಟೆ ನೆನಪಾಗಿ ಮೈ ಬೆವರಿತು.

ಆದರೂ ಅಣ್ಣನಿಗೆ ಫೋನು ಮಾಡಲಿಲ್ಲ. ಚೀಟಿ ತಪ್ಪೆಂದು ಗೊತ್ತಾಯಿತೇ ಹೊರತು ಸರಿಯಾದ ನಂಬರು ಯಾವುದು? ಅವ್ವನಿಗೆ ದಾನವಾದದ್ದಕ್ಕೆ ಆಧಾರವೇ ಸಿಗದಿದ್ದರೆ? ಋಣಭಾರ ಪತ್ರ ತೆಗೆಸಿದರೆ ಫಾರಂ 16 ಬಂತು, ಅಂದರೆ ಯಾವ ವ್ಯವಹಾರವೂ ಕಂಡುಬಂದಿಲ್ಲ ಎಂದು. 1988ರ ದಸ್ತಾವೇಜುಗಳು ಕಂಪ್ಯೂಟರಿನ ಕಾಲಕ್ಕೆ ಮುಂಚಿನವು, ಅವನ್ನು ಕೈಬರಹದ ಸೂಚಿ ಪುಸ್ತಕಗಳಲ್ಲಿ ಹುಡುಕಬೇಕು. ಒಂದು ಪುಸ್ತಕ ಹೆಸರಿನ ಮೇಲೆ, ಇನ್ನೊಂದು ಆಸ್ತಿಯ ಮೇಲೆ. ಹೆಸರಿನ ಮೇಲೆ ಹುಡುಕೋಣವೆಂದರೆ ಅವ್ವನ ಹೆಸರು ಯಾವ ರೂಪದಲ್ಲಿದೆಯೋ.

ಇದು ನಮ್ಮ ಜಾತಿಯ ಕಷ್ಟ, ಹೆಣ್ಣು ಜಾತಿಯದು. ರೆವಿನ್ಯೂ ಕನ್ನಡದಲ್ಲಿ ಗಂಡಸು ಹುಟ್ಟಿದಾಗಿನಿಂದ ಸಾಯುವತನಕ ಇಂಥವನ 'ಬಿನ್' ಇಂಥವನು. ಹೆಣ್ಣು ಮೊದಲು ಇಂಥವನ ಮಗಳು, ತಾಳಿ ಬಿದ್ದ ಮೇಲೆ ಇಂಥವನ 'ಕೋಂ', ಗಂಡ ಹೋದ ಮೇಲೆ ಅದೇ ಕೋಂ ಪಕ್ಕಕ್ಕೆ ಒಂದು ಲೇಟ್. ನನ್ನನ್ನೇ ತೆಗೆದುಕೊಳ್ಳಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಅಪ್ಪನದು, ರೇಷನ್ ಕಾರ್ಡಿನಲ್ಲಿ ಗಂಡನದು, ಬ್ಯಾಂಕಿನಲ್ಲಿ ಇನಿಷಿಯಲ್ಲೇ ಇಲ್ಲ. ಮೂವರೂ ನಾನೇ ಎಂದು ಸಾಧಿಸಲು ನೋಟರಿಯ ಮುಂದೆ ಎಷ್ಟು ಸಲ ಅಫಿಡವಿಟ್ ಮಾಡಿಸಿದ್ದೇನೋ. 'ಬದಲಾಗೋ ವಸ್ತುವನ್ನು ಗುರುತಾಗಿ ಇಟ್ಕೋಬಾರದು ಅಂತ ನಮಗೆ ಮೊದಲನೇ ತಿಂಗಳೇ ಹೇಳಿಕೊಡ್ತಾರೆ' ಎಂದಳು ಮಗಳು. ಹೇಳಿಕೊಡಬೇಕಾದವರಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಮಗಳೇ ಒಂದು ಉಪಾಯ ಹೇಳಿದಳು. ಒಂದು ತುದಿಯಿಂದ ಹೋದರೆ ದಾರಿ ಮುರಿದಿದೆ. ಇನ್ನೊಂದು ತುದಿಯಿಂದ ಬರೋಣ. ಅಜ್ಜಿಯ ಕಾಗದ ಯಾವುದನ್ನು ತೋರಿಸುತ್ತದೆ ಎಂದು ನೋಡುವುದು ಬಿಟ್ಟು, ಅಜ್ಜಿಯನ್ನು ತೋರಿಸುವ ಕಾಗದ ಯಾರ ಹತ್ತಿರ ಇದೆ?

ಚಕ್ಕುಬಂದಿ! ಪ್ರತಿಯೊಂದು ಕ್ರಯಪತ್ರದ ಕೊನೆಗೂ ಇರುತ್ತದೆ: ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ದಾರಿ, ಉತ್ತರಕ್ಕೆ ಹಳ್ಳವೋ ಬೇಲಿಯೋ. ಅವ್ವನ ಹೊಲದ ಪಕ್ಕದ ಹೊಲದ ಪತ್ರದಲ್ಲಿ ಅವ್ವನ ಹೆಸರು ಇರಲೇಬೇಕು. ಪಕ್ಕದ ಹೊಲ ಯಾರದು? ಅಣ್ಣನದು. ಆ ಪತ್ರ ಎಲ್ಲಿದೆ? ಹಸಿರು ಟ್ರಂಕಿನಲ್ಲಿ.

ನಾನು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಅತ್ತಿಗೆಗೆ ಫೋನು ಮಾಡಿ, ಬೇರೆ ಏನೇನೋ ಮಾತಾಡಿ, ಕೊನೆಗೆ ಕೇಳಿದೆ. 'ಅವರನ್ನೇ ಕೇಳಮ್ಮಾ' ಎಂದು ಅತ್ತಿಗೆ ಫೋನು ಕೊಟ್ಟುಬಿಟ್ಟಳು. ಆ ಕಡೆ ಉಸಿರು ಮಾತ್ರ ಕೇಳುತ್ತಿತ್ತು. ಕ್ರಯಪತ್ರ ಬೇಕಿತ್ತು ಎಂದೆ. ಯಾಕೆಂದು ಅವನು ಕೇಳಲಿಲ್ಲ. 'ಕಳಿಸ್ತೀನಿ' ಎಂದ. ಮರುದಿನ ಬೆಳಿಗ್ಗೆ ಚಳ್ಳಕೆರೆಗೆ ಬರುವ ಊರಿನ ಹುಡುಗನ ಕೈಯಲ್ಲಿ, ಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ, ಪತ್ರ ಬಂತು. ಜೆರಾಕ್ಸ್ ಅಲ್ಲ, ಅಸಲು. ಕೋರ್ಟಿಗೆ ಎಳೆಯುತ್ತೇನೆಂದು ಊರಿಗೆಲ್ಲ ಸಾರಿದ ತಂಗಿಯ ಕೈಗೆ ಅಸಲು ಪತ್ರ.

ಕೊನೆಯ ಪುಟ ತೆಗೆದೆ. 'ಪೂರ್ವಕ್ಕೆ' ಎಂಬ ಪದದ ಮುಂದೆ ಅವ್ವನ ಹೆಸರಿತ್ತು, ಕೋಂ ಅಪ್ಪನ ಹೆಸರು, 'ಇವರ ಜಮೀನು'. ತಾರೀಖು 1988ರ ನವೆಂಬರ್. ಆ ವೇಳೆಗೆ ಅದು ಅವ್ವನ ಜಮೀನಾಗಿತ್ತೆಂದು ಅಣ್ಣನ ಪತ್ರವೇ ಸಾಕ್ಷಿ ಹೇಳುತ್ತಿತ್ತು. ನುಂಗಬೇಕೆಂದಿದ್ದವನು ಈ ಹಾಳೆಯನ್ನು ಮೂವತ್ತೆರಡು ವರ್ಷ ಕಾಪಾಡುತ್ತಿದ್ದನೆ? ಗೆದ್ದಲು ತಿಂದದ್ದು ಅವ್ವನದನ್ನೇ, ಇವನದನ್ನಲ್ಲ, ಎಂದು ಒಂದು ಕ್ಷಣ ಮನಸ್ಸು ಕುಟುಕಿದ್ದನ್ನೂ ಬರೆದುಬಿಡುತ್ತೇನೆ. ಮನಸ್ಸು ಅಷ್ಟು ಸಣ್ಣದು.

2021ರ ಜನವರಿಯಲ್ಲಿ ತಾಯಿ ಮಗಳು ಮೊಳಕಾಲ್ಮೂರಿಗೆ ಹೋದೆವು. 1988-89ರ ವಹಿಯನ್ನು ಮೊದಲಿಂದ ನೋಡಬೇಕೆಂದು ಕೇಳಿಕೊಂಡೆವು. ದಾಖಲೆ ಕೋಣೆಯ ಹಿರಿಯರೊಬ್ಬರು, ನಿವೃತ್ತಿಗೆ ಹತ್ತಿರ ಬಂದವರು, ಅರ್ಜಿ ಓದಿ, ವಹಿ ತಂದು ಮೇಜಿನ ಮೇಲಿಟ್ಟು ತಾವೇ ಹಾಳೆ ತಿರುವಿದರು. 29 ಅಣ್ಣನದು. ಅದಕ್ಕೂ ಹಿಂದೆ ಹೋಗಬೇಕು, ದಾನ ಮೊದಲು ಆದದ್ದಲ್ಲವೆ. 28 ಯಾರದೋ ಭಾಗಪತ್ರ, 27 ಯಾರದೋ ಪೌತಿ. ಮುಂದಿನ ಹಾಳೆಯಲ್ಲಿ ತಾತನ ಹೆಸರು, ಅವ್ವನ ಹೆಸರು, ದಾನಪತ್ರದ ರಿಜಿಸ್ಟರ್ ನಂಬರು. ನಂಬರಿನ ಜಾಗದಲ್ಲಿ ಕನ್ನಡ ಅಂಕಿಯಲ್ಲಿ ಬರೆದಿದ್ದರು. ಮಗಳು ಇಣುಕಿ, 'ಇದೂ ಇಪ್ಪತ್ತೊಂಬತ್ತೇ ಅಲ್ವಾ?' ಎಂದಳು.

ಅಲ್ಲ. ೨೬. ಬರೆದವರ ಕೈ ಸೊಗಸಾದದ್ದು, ಸ್ವಲ್ಪ ಹೆಚ್ಚೇ ಸೊಗಸಾದದ್ದು. ಆರರ ಬಾಲವನ್ನು ಎಳೆದು ತಿರುಗಿಸಿದ್ದರು. ಒಂದನೇ ತರಗತಿಯಲ್ಲಿ ವರ್ಷಕ್ಕೆ ನಲವತ್ತು ಮಕ್ಕಳಿಗೆ ಸ್ಲೇಟಿನ ಮೇಲೆ ೬ ಮತ್ತು ೯ ಬರೆಸಿದವಳು ನಾನು. 'ತಲೆ ನೋಡಬೇಡ್ರೋ, ಎರಡಕ್ಕೂ ತಲೆ ಒಂದೇ. ಬಾಲ ಎತ್ತ ಹೋಗ್ತದೆ ನೋಡ್ರಿ' ಎಂದು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡವಳು. ಇಂಗ್ಲಿಷ್ ಅಂಕಿಯಲ್ಲೇ ಓದಿ ಬೆಳೆದ ನನ್ನ ಮಗಳಂಥ ಯಾರೋ ಒಬ್ಬಳು ಇದನ್ನು ಓದಿ 29 ಎಂದು ಒತ್ತಿದ್ದಾಳೆ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ವಯಸ್ಸಿನ ಎಷ್ಟೋ ಮಕ್ಕಳಿಗೆ ಕನ್ನಡ ಅಂಕಿ ಕಲಿಸದೆ ಮುಂದಿನ ತರಗತಿಗೆ ನೂಕಿದ್ದು ನಮ್ಮ ಉಪಾಧ್ಯಾಯ ವರ್ಗವೇ.

ಅಂದು ಕೆಲಸ ಬೇಗ ಮುಗಿದದ್ದರಿಂದ ಮಗಳು ಅಶೋಕನ ಶಾಸನ ನೋಡಬೇಕೆಂದಳು. ನಮ್ಮ ತಾಲ್ಲೂಕಿನವರಿಗೆ ಅದು ಶಾಲೆಯ ಪ್ರವಾಸದಲ್ಲಿ ಬುತ್ತಿ ಬಿಚ್ಚುವ ಜಾಗ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಒಂದೇ ಶಾಸನದ ಮೂರು ಪ್ರತಿಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಪತ್ತೆ ಮಾಡಿದವು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಬರೆದದ್ದು ಎಂದು ಅದು ಶುರುವಾಗುತ್ತದೆ. ಎಲ್ಲಿಂದ ಎಲ್ಲಿಗೆ ಎಂದು ಮೊದಲೇ ಹೇಳಿಬಿಡುತ್ತದೆ. ಕೊನೆಗೆ ಬರೆದವನು ಚಪಡ ಎಂದು ಹೆಸರೂ ಇದೆ. ನಮ್ಮ ಪಹಣಿ ಒತ್ತಿದವರ ಹೆಸರು ಎಲ್ಲೂ ಇಲ್ಲ.

ನನಗೆ ಆ ದಿನ ಹಿಡಿಸಿದ್ದು ಜಟಿಂಗ ರಾಮೇಶ್ವರದ ಬಂಡೆಯ ಕಥೆ. ಅದಕ್ಕೆ ಜನ ಇಟ್ಟ ಹೆಸರು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದರು. ಅಕ್ಷರಗಳು ಸವೆದು ಬಹಳಷ್ಟು ಅಳಿಸಿಹೋಗಿವೆ. ನಮ್ಮ ಮುತ್ತಜ್ಜಿಯರು ಅಶೋಕನ ಮಾತಿನ ಮೇಲೆ ಕೂತು ಹಸಿರು ಗಾಜಿನ ಬಳೆ ಇಡಿಸಿಕೊಂಡಿದ್ದಾರೆ. ಆದರೂ ಏನೂ ಕಳೆದುಹೋಗಿಲ್ಲ. ಇಲ್ಲಿ ಅಳಿಸಿದ್ದನ್ನು ಪಂಡಿತರು ಬ್ರಹ್ಮಗಿರಿಯ ಕಲ್ಲು ನೋಡಿ, ಸಿದ್ದಾಪುರದ ಕಲ್ಲು ನೋಡಿ ತುಂಬಿಕೊಂಡರು. ಪಕ್ಕದ ಕಲ್ಲು ಹೇಳಿತು. ಮಗಳು ಬಂಡೆಗೆ ಹಾಕಿದ್ದ ಕಂಬಿಯನ್ನು ಹಿಡಿದು ನಿಂತು, 'ಮೂರು ಪ್ರತಿ ಇಟ್ಟಿದ್ದ ನೋಡು, ಬುದ್ಧಿವಂತ' ಎಂದಳು.

ತಿದ್ದುಪಡಿ ಸುಲಭವಾಗಿ ಆಗಲಿಲ್ಲ. ತಹಶೀಲ್ದಾರರಿಂದ ಉಪವಿಭಾಗಾಧಿಕಾರಿಯವರೆಗೆ ಕಡತ ಹೋಯಿತು, ನೋಟೀಸು ಬಂತು, ಎರಡು ವಾಯಿದೆ ಮುಂದಕ್ಕೆ ಹೋದವು. ಎಂ.ಆರ್. 26ರಲ್ಲಿದ್ದ ನಂಬರು ಹಿಡಿದು ದಾನಪತ್ರದ ದೃಢೀಕೃತ ನಕಲು ಪಡೆದೆವು. ಅದರಲ್ಲಿ ತಾತನ ಸಹಿ, ಅವ್ವನ ಹೆಬ್ಬೆಟ್ಟು, ಅದೇ ಸರ್ವೆ ನಂಬರು, ಅದೇ ಹಿಸ್ಸಾ. ಪಹಣಿಯಿಂದ ವಹಿಗೆ, ವಹಿಯಿಂದ ಪತ್ರಕ್ಕೆ, ಪತ್ರದಿಂದ ಮತ್ತೆ ಪಹಣಿಗೆ, ದಾರಿ ಸುತ್ತಿ ಬಂದು ಹೊರಟಲ್ಲಿಗೇ ಸೇರಿತು. ವಿಚಾರಣೆಯ ದಿನ ಅಣ್ಣನಿಗೆ, ನಿಮ್ಮ ಆಕ್ಷೇಪಣೆ ಏನಾದರೂ ಇದೆಯೆ ಎಂದು ಕೇಳಿದರು. ಅವನು ಎದ್ದು ನಿಂತು, 'ಅದು ನಮ್ಮವ್ವಂದೇ ಸ್ವಾಮಿ' ಎಂದ. ಅವತ್ತು ಹೊರಗೆ ಬಂದು ಮೂವರೂ ಒಂದೇ ಬೆಂಚಿನ ಮೇಲೆ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಕ್ಷಮಿಸು ಎಂದು ಹೇಳುವ ರೂಢಿ ನಮ್ಮಲ್ಲಿಲ್ಲ. ನನ್ನ ಪಾಲಿನ ಮೆಣಸಿನಕಾಯಿ ಒಂದನ್ನು ಅವನ ಪೊಟ್ಟಣಕ್ಕೆ ಹಾಕಿದೆ.

ಒಂದು ವಿಷಯ ಕೇಳದೆ ಇರಲಾಗಲಿಲ್ಲ. ಬರ ಬಂದ ವರ್ಷ ಬೆಳೆ ಪರಿಹಾರದ ದುಡ್ಡು ನಾಲ್ಕು ಎಕರೆಗೂ ನಿನ್ನ ಖಾತೆಗೇ ಬಂದಿರಬೇಕಲ್ಲ, ಆಗಲೂ ಅನುಮಾನ ಬರಲಿಲ್ಲವೆ ಎಂದೆ. ಅವನು ಸ್ವಲ್ಪ ಹೊತ್ತು ಮಂಡಕ್ಕಿ ಪೊಟ್ಟಣದ ಕಾಗದವನ್ನು ಮಡಚುತ್ತ ಕೂತಿದ್ದ. 'ಜಾಸ್ತಿ ಬಂತು ಅನ್ಸಿತ್ತು. ಜಾಸ್ತಿ ಬಂದಾಗ ಯಾರು ಹೋಗಿ ಕೇಳ್ತಾರವ್ವ' ಎಂದ. ದೀಪಾವಳಿಯ ದಿನ ಅವನು ಮುಖ ತಪ್ಪಿಸಿದ್ದು ಅದಕ್ಕೇ ಇರಬೇಕು. ನಾನು ಇನ್ನು ಕೇಳಲಿಲ್ಲ.

2022ರಲ್ಲಿ ಹೊಸ ಪಹಣಿ ಬಂತು. ನಾನೇ ಊರಿಗೆ ಒಯ್ದೆ. ಅವ್ವ ಕನ್ನಡಕ ಹಾಕಿಕೊಂಡಳು, ಓದು ಬಾರದಿದ್ದರೂ. 'ನನ್ನ ಹೆಸರು ಎಲ್ಲೈತೆ, ಬೆಟ್ಟು ಇಡು' ಎಂದಳು. ಇಟ್ಟೆ. ಅವಳು ತನ್ನ ಬೆರಳನ್ನು ಅಲ್ಲಿಟ್ಟು, ಸಾಲಿನ ಕೊನೆಯತನಕ ನಿಧಾನವಾಗಿ ಎಳೆದಳು. 'ಇಷ್ಟೇ ಉದ್ದವಾ?' ಎಂದಳು. ಇನ್ನೊಂದು ಪ್ರತಿ ತೆಗೆಸು, ಒಂದು ನಿನ್ನ ಹತ್ರ, ಒಂದು ಅವನ ಹತ್ರ, ಇನ್ನೊಂದು ನನ್ನ ತಲೆದಿಂಬಿನ ಕೆಳಗೆ, ಎಂದಳು. ಅಶೋಕನ ವಿಷಯ ಅವಳಿಗೆ ನಾವು ಹೇಳಿರಲಿಲ್ಲ.

ಕಾಗದದ ಸಂಸಾರ ಅಲ್ಲಿಗೆ ಮುಗಿಯುವುದಿಲ್ಲ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸಬೇಕೆಂದು ಗ್ರಾಮ ಆಡಳಿತ ಅಧಿಕಾರಿಗಳು ಮನೆ ಮನೆಗೆ ಬಂದರು. ಆ ಸಂಜೆ ಅಣ್ಣನ ಫೋನು ಬಂತು. 'ಏನವ್ವಾ, ನಿನ್ನ ಮಗಳು ಯಾವಾಗ ಬರ್ತಾಳೆ? ಆಧಾರ್‌ನಾಗೆ ಅವ್ವನ ಹೆಸರಿಗೆ ಒಂದು ಮಕಾರ ಕಡಿಮೆ ಐತಂತೆ, ಪಹಣಿಯಾಗೆ ಸರಿಯಾಗಿ ಐತೆ. ಎರಡೂ ಒಬ್ಬಳೇ ಅಂತ ಮಿಷನ್ನು ಒಪ್ತಾ ಇಲ್ಲ.' ಹಿಂದಿನಿಂದ ಅವ್ವನ ದನಿ ಕೇಳುತ್ತಿತ್ತು: ಬರುವಾಗ ಖಾಲಿ ಚೀಲ ತರೋಕೆ ಹೇಳು, ಶೇಂಗಾ ಬಿಡಿಸಿಟ್ಟೀನಿ.